ಮನೆಮಾತು ಮತ್ತು ಸರ್ಕಾರಿ ದಾಖಲೆ: ಕರಾವಳಿ, ಕೊಡಗು ಹಾಗೂ ಅರಣ್ಯ ಪ್ರದೇಶಗಳ ಸ್ಥಳೀಯ ಭಾಷೆಗಳ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರ ಅನ್ವಯ ರಾಜ್ಯದ ಆಡಳಿತ ಭಾಷೆಯು ಕನ್ನಡವಾಗಿರುತ್ತದೆ. ಇದರೊಂದಿಗೆ, ರಾಜ್ಯದ ಅನೇಕ ಸಮುದಾಯಗಳು ಮನೆಯಲ್ಲಿಯೂ ಹೊಲಗದ್ದೆಗಳಲ್ಲಿಯೂ ಸಂತೆ ಮತ್ತು ದೈವದೇವರ ಸನ್ನಿಧಿಗಳಲ್ಲಿಯೂ ತುಳು, ಕೊಡವ, ಬ್ಯಾರಿ, ಅರೆಭಾಷೆ, ಕೊಂಕಣಿ, ಕೊರಗ, ಯರವ, ಜೇನುಕುರುಬ, ಸೋಲಿಗ, ಲಂಬಾಣಿ ಮುಂತಾದ ತಮ್ಮದೇ ಆದ ಭಾಷೆಗಳನ್ನು ಬಳಸುತ್ತ ಬಂದಿವೆ. ಸದರಿ ಭಾಷೆಗಳು ನಿತ್ಯಜೀವನದಲ್ಲಿ ಯಾವ ಕೆಲಸ ಮಾಡುತ್ತಿವೆ ಎಂಬುದನ್ನೂ, ಅರ್ಜಿ, ಹೇಳಿಕೆ, ನೋಂದಣಿ ಮತ್ತು ಜನಗಣತಿಯ ಸಂದರ್ಭಗಳಲ್ಲಿ ಅವು ಕಾಗದದ ಮೇಲೆ ಹೇಗೆ ಬರುತ್ತವೆ ಎಂಬುದನ್ನೂ ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಭಾಷಾಭಿಮಾನದ ವಿಚಾರವನ್ನು ಪ್ರಸ್ತಾಪಿಸಲು ಬೇರೆ ವೇದಿಕೆಗಳಿವೆ. ಈ ಪುಟದಲ್ಲಿ ಒತ್ತಿ ಹೇಳಬೇಕಾಗಿರುವುದು ಇಷ್ಟು: ಮನೆಮಾತಿನಲ್ಲಿ ಸ್ಪಷ್ಟವಾಗಿದ್ದ ಸಂಗತಿಯು ದಾಖಲೆಗೆ ಇಳಿಯುವಾಗ ಬದಲಾದಲ್ಲಿ ಅದರ ತೊಂದರೆಯನ್ನು ಅನುಭವಿಸುವವರು ಅರ್ಜಿದಾರರೇ ಆಗಿರುತ್ತಾರೆ.

ಕರಾವಳಿಯಲ್ಲಿ ತುಳು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹಾಗೂ ನೆರೆಯ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ತುಳು ಪ್ರಧಾನವಾಗಿ ಬಳಕೆಯಲ್ಲಿದೆ. 2011ರ ಜನಗಣತಿಯಲ್ಲಿ ದೇಶದಾದ್ಯಂತ 18,46,427 ಜನರು ಇದನ್ನು ತಮ್ಮ ಮಾತೃಭಾಷೆಯೆಂದು ತಿಳಿಸಿರುತ್ತಾರೆ. ಆದರೆ ತುಳುವನ್ನು ಆಡುವವರ ಸಂಖ್ಯೆ ಇದಕ್ಕಿಂತ ಹೆಚ್ಚು. ಮನೆಯಲ್ಲಿ ಬ್ಯಾರಿ ಅಥವಾ ಕೊಂಕಣಿ ಆಡುವ ಕುಟುಂಬದವರು ಮೀನಿನ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಕೂಲಿಯ ಲೆಕ್ಕ ಚುಕ್ತಾ ಮಾಡುವಲ್ಲಿ ತುಳುವನ್ನೇ ಬಳಸುತ್ತಾರೆ. ಒಂದೇ ದಿನದಲ್ಲಿ ಅಡುಗೆಮನೆಗೆ ಒಂದು, ಪೇಟೆಗೆ ಒಂದು, ತಾಲ್ಲೂಕು ಕಚೇರಿಗೆ ಒಂದು ಎಂದು ಮೂರು ಭಾಷೆಗಳನ್ನು ಆಡುವುದು ಮಂಗಳೂರಿನ ಕಡೆಯವರಿಗೆ ವಿಶೇಷವಾಗಿ ತೋರುವುದಿಲ್ಲ.

ಬೇಸಾಯದ ಲೆಕ್ಕಾಚಾರವೆಲ್ಲವೂ ಈ ಭಾಷೆಯಲ್ಲಿಯೇ ನಡೆದುಬಂದಿದೆ. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು, ಅದಕ್ಕಿಂತ ಎತ್ತರದ್ದು ಮಜಲು, ಮಳೆಯನ್ನೇ ನಂಬಿದ ಮೇಲ್ಭಾಗದ್ದು ಬೆಟ್ಟು. ಮಳೆಗಾಲದ ಬೆಳೆ ಏಣೆಲು, ಎರಡನೆಯದು ಸುಗ್ಗಿ, ನೀರಿನ ಅನುಕೂಲವಿರುವ ಬೈಲಿನಲ್ಲಿ ಮಾತ್ರ ಸಾಧ್ಯವಾಗುವ ಮೂರನೆಯದು ಕೊಳಕೆ. ಭೂಮಿಯ ಗುಣ, ನೀರಿನ ಲಭ್ಯತೆ ಮತ್ತು ಹಂಗಾಮು ಇವೆಲ್ಲವನ್ನೂ ಒಂದೊಂದು ಪದದಲ್ಲಿಯೇ ತಿಳಿಸುವ ಈ ಕ್ರಮವು ಯಾವುದೇ ವರ್ಗೀಕರಣ ಪಟ್ಟಿಗೆ ಕಡಿಮೆಯದಲ್ಲ. ಗ್ರಾಮಗಳ ಹಾಗೂ ಮನೆಗಳ ಹೆಸರುಗಳಲ್ಲಿ ಮಜಲು, ಬೆಟ್ಟು ಎಂಬ ಪದಗಳು ಇಂದಿಗೂ ಉಳಿದಿವೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 79ನೆಯ ಪ್ರಕರಣದಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ ಹಾಗೂ ಕೊಡಗಿನ ಜಮ್ಮಾ, ಬಾಣೆ ಎಂಬ ಸ್ಥಳೀಯ ಪದಗಳನ್ನು ಹಾಗೆಯೇ ಉಳಿಸಿಕೊಂಡಿರುವುದನ್ನು ಇಲ್ಲಿ ಸ್ಮರಿಸಬಹುದು. ಈ ಪದಗಳಿಗೆ ಸಮಾನ ಪದಗಳನ್ನು ಹುಡುಕಿ ಅರ್ಜಿಯಲ್ಲಿ ಬರೆಯುವ ಅವಶ್ಯಕತೆ ಇರುವುದಿಲ್ಲ. ಬರೆದಲ್ಲಿ ಹಕ್ಕಿನ ಸ್ವರೂಪವೇ ಅಸ್ಪಷ್ಟವಾಗುವ ಸಂಭವವಿದೆ.

ತುಳು ಪಂಚಾಂಗವು ಸೌರಮಾನದ್ದಾಗಿದ್ದು, ಬಿಸುವಿನೊಂದಿಗೆ ಪಗ್ಗು ತಿಂಗಳು ಆರಂಭವಾಗುತ್ತದೆ. ಮಳೆ ಬಿರುಸಾಗಿ ಸುರಿಯುವ ಆಟಿ ತಿಂಗಳು ಹಿಂದೆ ಆಹಾರದ ಕೊರತೆಯ ಕಾಲವಾಗಿತ್ತು. ಆಟಿ ಅಮಾವಾಸ್ಯೆಯ ಮುಂಜಾವಿನಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಇಂದಿಗೂ ಇದೆ. ಕನ್ನಡದಲ್ಲಿ ಇದು ಹಾಲೆ ಮರ. ಸಾಂದರ್ಭಿಕವಾಗಿ ಒಂದು ಎಚ್ಚರಿಕೆಯನ್ನು ಇಲ್ಲಿ ನೀಡಲಾಗಿದೆ: ಕಾಸರ್ಕ ಮರದ ತೊಗಟೆಯು ವಿಷಯುಕ್ತವಾಗಿರುವುದರಿಂದ, ಮರದ ಗುರುತನ್ನು ಖಚಿತವಾಗಿ ಬಲ್ಲ ಹಿರಿಯರಿಂದಲೇ ತೊಗಟೆಯನ್ನು ಪಡೆಯತಕ್ಕದ್ದು. ಮರದ ಹೆಸರು ಮಾತ್ರ ತಿಳಿದು ಮರದ ಪರಿಚಯವಿಲ್ಲದಿದ್ದರೆ ಅಪಾಯ.

ತುಳುವಿಗೆ ಇರುವ ಅತಿ ದೊಡ್ಡ ಸಾರ್ವಜನಿಕ ಗೌರವವು ದೈವಾರಾಧನೆಯಲ್ಲಿ ಕಂಡುಬರುತ್ತದೆ. ದೈವವು ಕುಟುಂಬದವರನ್ನು ಸಂಬೋಧಿಸುವುದು, ಅವರ ದೂರುಗಳನ್ನು ಆಲಿಸುವುದು, ವ್ಯಾಜ್ಯಕ್ಕೆ ಮಾತು ಕೊಡುವುದು ಎಲ್ಲವೂ ಈ ಭಾಷೆಯಲ್ಲಿ. ದೈವಗಳ ಹಾಗೂ ವೀರರ ಕಥನಗಳಾದ ಪಾಡ್ದನಗಳನ್ನು ಆರಾಧನೆಯ ಸಂದರ್ಭದಲ್ಲಿಯೂ, ಗದ್ದೆಯ ನಾಟಿಯ ಸಂದರ್ಭದಲ್ಲಿಯೂ ಹಾಡಲಾಗುತ್ತದೆ. ಇವುಗಳ ವಿಸ್ತಾರ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು: ಗೋಪಾಲ ನಾಯ್ಕ ಅವರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡವು ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಷ್ಟಾಯಿತು.

ಗದ್ದೆಯ ಪಾಡ್ದನದ ಸ್ಥಿತಿ ಮಾತ್ರ ಬೇರೆಯಾಗಿದೆ. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗಿ, ಉಳಿದಲ್ಲಿಯೂ ನಾಟಿಯ ಯಂತ್ರ ಬಂದ ಮೇಲೆ, ಸಾಲಾಗಿ ನಿಂತು ಹಾಡುವ ಹೆಂಗಸರ ಗುಂಪು ಸೇರುವ ಪ್ರಸಂಗವೇ ಕಡಿಮೆಯಾಗಿದೆ. ಹಾಡನ್ನು ಯಾರೂ ನಿಷೇಧಿಸಲಿಲ್ಲ, ಯಾರೂ ಅದಕ್ಕೆ ನಾಚಿಕೆಪಡಲೂ ಇಲ್ಲ; ಅದನ್ನು ಹಾಡುವ ಕೆಲಸ ಇಲ್ಲವಾಯಿತು. ವೇದಿಕೆಯ ಮೇಲೆ ಏರ್ಪಡಿಸುವ ಸ್ಪರ್ಧೆಗಳಿಂದ ಈ ಸ್ಥಾನ ತುಂಬುತ್ತದೆ ಎಂದು ಹೇಳುವುದು ಕಷ್ಟ.

ಕೊಡವ ಭಾಷೆ

ಕೊಡವ ತಕ್ಕ್ ಎಂದು ಕರೆಯಲ್ಪಡುವ ಈ ಭಾಷೆಯನ್ನು ಕೊಡವರು ಮಾತ್ರವಲ್ಲದೆ ಕೊಡಗಿನ ಹಲವು ಇತರ ಸಮುದಾಯಗಳೂ ಆಡುತ್ತವೆ. ಒಕ್ಕ ಎಂಬ ಕುಲ, ಅದರ ಮೂಲಮನೆಯಾದ ಐನ್‌ಮನೆ ಮತ್ತು ಒಕ್ಕದ ಹಿರಿಯನಾದ ಪಟ್ಟೆದಾರ ಇವು ಈ ಸಮಾಜದ ಆಧಾರಗಳು. ವ್ಯಕ್ತಿಯ ಹೆಸರಿನ ಮೊದಲು ಮನೆಹೆಸರು ಬರುತ್ತದೆ. ಪುತ್ತರಿಯಂದು ಹೊಸ ಕದಿರನ್ನು ಕೊಯ್ದು ಮನೆತುಂಬಿಸಿಕೊಳ್ಳುವಾಗ ಕೇಳಿಬರುವ ‘ಪೊಲಿ’ ಎಂಬ ಮಾತು ಸಮೃದ್ಧಿ ಎಂಬ ಅರ್ಥದಲ್ಲಿ ತುಳುವಿನಲ್ಲಿಯೂ ಇದೆ. ನಡಿಕೇರಿಯಂಡ ಚಿಣ್ಣಪ್ಪ ಅವರು ಹಾಡು ಮತ್ತು ಕಟ್ಟುಕಟ್ಟಳೆಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯು ಇಂದಿಗೂ ಮದುವೆ ಮತ್ತು ಹಬ್ಬದ ಕ್ರಮದ ಬಗ್ಗೆ ಸಂದೇಹ ಬಂದಾಗ ನೋಡುವ ಗ್ರಂಥವಾಗಿದೆ.

2001ರ ಗಣತಿಯಲ್ಲಿ ಕೊಡವ ಮಾತೃಭಾಷೆಯವರ ಸಂಖ್ಯೆ 1,66,187 ಇದ್ದುದು 2011ರಲ್ಲಿ 1,13,857 ಆಗಿರುತ್ತದೆ. ಹತ್ತು ವರ್ಷಗಳಲ್ಲಿ ಸುಮಾರು 52,000ದಷ್ಟು ಇಳಿಕೆ. ಇಷ್ಟೊಂದು ಜನರು ಆ ಅವಧಿಯಲ್ಲಿ ಭಾಷೆಯನ್ನು ಮರೆತರೆಂದು ಭಾವಿಸಲಾಗದು. ಗಣತಿದಾರರಿಗೆ ಏನೆಂದು ಹೇಳಲಾಯಿತು, ಏನೆಂದು ಬರೆಯಲಾಯಿತು ಎಂಬುದೂ ಅಂಕಿಗಳಲ್ಲಿ ಸೇರಿರುತ್ತದೆ. ಈ ಬಗ್ಗೆ ಮುಂದೆ ವಿವರಿಸಲಾಗಿದೆ.

ಹೇಳಿಕೆಗಳಲ್ಲಿ ಮತ್ತು ಅರ್ಜಿಗಳಲ್ಲಿ ಗಮನಿಸಬೇಕಾದ ಅಂಶಗಳು

ಕನ್ನಡ ಮತ್ತು ತುಳು ಒಂದೇ ಲಿಪಿಯಲ್ಲಿ ಬರೆಯಲ್ಪಡುವುದರಿಂದಲೂ ಅನೇಕ ಪದಗಳು ಸಮಾನವಾಗಿರುವುದರಿಂದಲೂ ಅರ್ಥವೂ ಒಂದೇ ಇರಬೇಕೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡ ಮಾತ್ರ ಬಲ್ಲವರು ವಯಸ್ಸಾದ ತುಳು ಭಾಷಿಕರಿಂದ ವಂಶವೃಕ್ಷದ ವಿವರಗಳನ್ನು ಕೇಳಿ ಬರೆದುಕೊಳ್ಳುವಾಗ ತಂದೆಯ ಅಂಕಣದಲ್ಲಿ ತಾಯಿಯ ಹೆಸರು ಬಂದುಬಿಡುವ ಸಾಧ್ಯತೆ ಇದೆ. ತಾಯಿಯ ಕಡೆಯಿಂದ ವಂಶ ಗಣಿಸುವ ಅಳಿಯಸಂತಾನ ಪದ್ಧತಿಯ ಹಳೆಯ ಆಸ್ತಿ ದಾಖಲೆಗಳಲ್ಲಿ ಈ ವ್ಯತ್ಯಾಸ ಇನ್ನಷ್ಟು ಮುಖ್ಯವಾಗುತ್ತದೆ. ಅಲ್ಲಿ ತಮ್ಮಲೆ, ಅಂದರೆ ಸೋದರಮಾವ, ಯಾರೆಂಬುದೇ ಕುಟುಂಬದ ಯಜಮಾನಿಕೆಯ ಪ್ರಶ್ನೆಯಾಗಿರುತ್ತಿತ್ತು.

ಎರಡನೆಯದಾಗಿ, ‘ನಾವು’ ಎಂಬ ಪದ. ಕನ್ನಡದಲ್ಲಿ ಕೇಳುವವರನ್ನು ಸೇರಿಸಿಕೊಂಡರೂ ಸೇರಿಸಿಕೊಳ್ಳದಿದ್ದರೂ ‘ನಾವು’ ಒಂದೇ. ತುಳುವಿನಲ್ಲಿ ಕೇಳುವವರೂ ಸೇರಿದ್ದರೆ ‘ನಮ’, ಅವರನ್ನು ಬಿಟ್ಟು ಹೇಳುವುದಾದರೆ ‘ಎಂಕುಲು’. ಜಮೀನಿನ ತಕರಾರಿನಲ್ಲಿ ಒಬ್ಬರು ಎದುರು ಪಕ್ಷದವರನ್ನು ಉದ್ದೇಶಿಸಿ ‘ಎಂಕ್ಲೆನ ಜಾಗೆ’ ಎಂದರೆ ಅದರಲ್ಲಿ ಎದುರಿನವರಿಗೆ ಪಾಲಿಲ್ಲ. ಕನ್ನಡದ ಹೇಳಿಕೆಯಲ್ಲಿ ಇದು ‘ನಮ್ಮ ಜಾಗ’ ಎಂದಷ್ಟೇ ದಾಖಲಾದರೆ ಹೇಳಿದವರ ಮುಖ್ಯ ಮಾತೇ ಬಿಟ್ಟುಹೋದಂತಾಗುತ್ತದೆ.

ಮೂರನೆಯದು ಉಚ್ಚಾರಣೆಗೆ ಸಂಬಂಧಿಸಿದ್ದು. ‘ನಾನು ಬಂದೆ’ ಎನ್ನುವುದಕ್ಕೂ ‘ಅವನು ಬಂದ’ ಎನ್ನುವುದಕ್ಕೂ ತುಳುವಿನಲ್ಲಿ ಕ್ರಿಯಾಪದದ ಕೊನೆಯ ಸ್ವರ ಬೇರೆಬೇರೆ. ಕಿವಿಗೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಕನ್ನಡ ಲಿಪಿಯಲ್ಲಿ ಸಾಮಾನ್ಯವಾಗಿ ಎರಡನ್ನೂ ‘ಬತ್ತೆ’ ಎಂದೇ ಬರೆಯಲಾಗುತ್ತದೆ. ಆದ್ದರಿಂದ ತುಳುವಿನಲ್ಲಿ ಬರೆದ ಪತ್ರ ಅಥವಾ ಟಿಪ್ಪಣಿಯನ್ನು ದಾಖಲೆಯಾಗಿ ಸಲ್ಲಿಸುವವರು ಯಾನ್, ಆಯೆ ಎಂಬ ಕರ್ತೃಪದಗಳನ್ನು ಬಿಡದೆ ಬರೆಯುವುದು ಸೂಕ್ತ. ಹಣ ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಒಂದು ಸ್ವರದ ಮೇಲೆ ನಿಲ್ಲುವಂತಾಗಬಾರದು.

ಪದಗಳ ಅರ್ಥದಲ್ಲಿ ಸಂಶಯ ಬಂದಲ್ಲಿ ಆಧಾರ ಗ್ರಂಥಗಳ ಕೊರತೆಯಿಲ್ಲ. ಬಾಸೆಲ್ ಮಿಷನ್ನಿನ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿಯೇ ಮಂಗಳೂರಿನಲ್ಲಿ ಮುದ್ರಣಗೊಂಡಿದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು.ಪಿ. ಉಪಾಧ್ಯಾಯ ಅವರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ಪ್ರಕಟವಾಗಿದೆ.

ಹೆಸರುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಹುಟ್ಟಿದ ವಾರವನ್ನು ಅನುಸರಿಸಿ ಹೆಸರಿಡುವ ಪದ್ಧತಿ ತುಳುನಾಡಿನಲ್ಲಿ ವ್ಯಾಪಕವಾಗಿತ್ತು: ಭಾನುವಾರದ ಐತ, ಮಂಗಳವಾರದ ಅಂಗಾರ, ಶುಕ್ರವಾರದ ತುಕ್ರ, ಶನಿವಾರದ ಚನಿಯ. ಇವು ಅಪಭ್ರಂಶಗಳಲ್ಲ, ಆ ಭಾಷೆಯ ಸಹಜ ರೂಪಗಳು. ಬರೆದುಕೊಳ್ಳುವವರು ಸದುದ್ದೇಶದಿಂದಲೇ ತುಕ್ರನನ್ನು ‘ಶುಕ್ರ’ ಎಂದು ತಿದ್ದಿ ಬರೆದರೆ, ಪಹಣಿಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಮತ್ತೊಂದು ಹೆಸರು ಆಗಿ, ಅದೇ ವ್ಯಕ್ತಿಯ ಮೊಮ್ಮಕ್ಕಳು ಪೌತಿ ಖಾತೆಗಾಗಿ ಅಲೆಯಬೇಕಾಗುತ್ತದೆ. ಕೊಡಗಿನ ಮನೆಹೆಸರುಗಳನ್ನು ಒಂದು ದಾಖಲೆಯಲ್ಲಿ ಪೂರ್ಣವಾಗಿಯೂ ಮತ್ತೊಂದರಲ್ಲಿ ಮೊದಲಕ್ಷರವಾಗಿಯೂ ಬರೆಯುವುದರಿಂದಲೂ ಇದೇ ಪರಿಣಾಮ ಉಂಟಾಗುತ್ತದೆ.

ಜನನ ಮರಣ ನೋಂದಣಿ (ತಿದ್ದುಪಡಿ) ಅಧಿನಿಯಮ, 2023ರ ಪ್ರಕಾರ, 2023ರ ಅಕ್ಟೋಬರ್ 1 ಅಥವಾ ನಂತರ ಜನಿಸಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಮುಂತಾದ ಉದ್ದೇಶಗಳಿಗೆ ಜನನದ ದಿನಾಂಕ ಮತ್ತು ಸ್ಥಳದ ಬಗ್ಗೆ ಜನನ ಪ್ರಮಾಣಪತ್ರವೇ ಆಧಾರವಾಗಿರುತ್ತದೆ. ಮುಂದಿನ ದಾಖಲೆಗಳೆಲ್ಲ ಇದರೊಂದಿಗೆ ತಾಳೆಯಾಗಬೇಕಾದುದರಿಂದ ಮಗುವಿನ ಹಾಗೂ ತಂದೆತಾಯಿಯ ಹೆಸರುಗಳನ್ನು ಮನೆಯಲ್ಲಿ ಕರೆಯುವ ರೂಪದಲ್ಲಿಯೇ, ಒಂದೇ ಕಾಗುಣಿತದಲ್ಲಿ ಮೊದಲ ನೋಂದಣಿಯಲ್ಲಿಯೇ ಬರೆಸತಕ್ಕದ್ದು. ತಪ್ಪಾಗಿ ನಮೂದಾಗಿದ್ದಲ್ಲಿ 1969ರ ಮೂಲ ಅಧಿನಿಯಮದ 15ನೆಯ ಪ್ರಕರಣದಡಿ ತಿದ್ದುಪಡಿಗೆ ಅವಕಾಶವಿದೆ.

ಅರಣ್ಯ ಹಕ್ಕು ಅರ್ಜಿದಾರರಿಗೆ

ಅರಣ್ಯ ಹಕ್ಕುಗಳ ಅಧಿನಿಯಮ, 2006ರ ಅಡಿಯಲ್ಲಿ ಕೋರಿಕೆ ಸಲ್ಲಿಸುವ ಸಮುದಾಯಗಳ ವಿಷಯದಲ್ಲಿ ಭಾಷೆಯೇ ಸಾಕ್ಷ್ಯವಾಗುತ್ತದೆ ಎಂದರೆ ಅತಿಶಯೋಕ್ತಿಯಾಗದು. 2008ರ ನಿಯಮಗಳ 13ನೆಯ ನಿಯಮವು ಸರ್ಕಾರಿ ದಾಖಲೆಗಳ ಜೊತೆಗೆ ಬಾವಿ, ಸ್ಮಶಾನ, ಪವಿತ್ರ ಸ್ಥಳ ಮುಂತಾದ ಪ್ರಾಚೀನ ಕುರುಹುಗಳನ್ನೂ, ಕೋರಿಕೆದಾರರಲ್ಲದ ಹಿರಿಯರ ಹೇಳಿಕೆಯನ್ನು ಬರವಣಿಗೆಗೆ ಇಳಿಸಿದ್ದನ್ನೂ ಸಾಕ್ಷ್ಯವೆಂದು ಪರಿಗಣಿಸುತ್ತದೆ. ಕಾಗದಪತ್ರವೇ ಇಲ್ಲದ ಪೋಡು ಅಥವಾ ಹಾಡಿಯ ನಿವಾಸಿಗಳಿಗೆ ಇದು ಬಹುಮುಖ್ಯ ಅವಕಾಶ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಉದಾಹರಿಸಬಹುದು. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಹೆಸರಿಟ್ಟ ಎಲ್ಲೆಗಳಿವೆ. ಅದರೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂದು ಗುರುತಿಸುವ ಪವಿತ್ರ ತಾಣಗಳಿವೆ. ಒಣಗಿದ ಎಲೆಗಳಿಗೆ ಮಾತ್ರ ಹತ್ತಿಸುವ ಸಣ್ಣ ಬೆಂಕಿಗೆ ಅವರಲ್ಲಿ ‘ತರಗು ಬೆಂಕಿ’ ಎಂಬ ಪ್ರತ್ಯೇಕ ಹೆಸರಿದೆ. ಇದು ಕಾಡ್ಗಿಚ್ಚಿಗಿಂತ ಬೇರೆಯದು ಎಂಬುದು ಆ ಹೆಸರಿನಲ್ಲಿಯೇ ತಿಳಿಯುತ್ತದೆ. ಈ ತಾಣಗಳ ಹೆಸರುಗಳನ್ನು ನಕ್ಷೆಗೆ ಇಳಿಸಿದ್ದು ಅವರ ಕೋರಿಕೆಗೆ ಬಲ ನೀಡಿತು. ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾದ 2011ರಲ್ಲಿಯೇ ಅಲ್ಲಿನ ಸೋಲಿಗ ಗ್ರಾಮಸಭೆಗಳ ಸಮುದಾಯ ಹಕ್ಕುಗಳೂ ಮಾನ್ಯವಾದವು.

ಆದುದರಿಂದ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗಳು ಹಿರಿಯರ ಹೇಳಿಕೆಯನ್ನು ಪಡೆಯುವಾಗ ಸ್ಥಳಗಳ ಹೆಸರುಗಳನ್ನು ಅವರು ಉಚ್ಚರಿಸಿದಂತೆಯೇ ಬರೆದು, ಅಗತ್ಯವಿದ್ದಲ್ಲಿ ಪಕ್ಕದಲ್ಲಿ ಕನ್ನಡದ ವಿವರಣೆಯನ್ನು ನೀಡುವುದು ಉತ್ತಮ. ಬರೆದುದನ್ನು ಅವರದೇ ಮಾತಿನಲ್ಲಿ ಓದಿ ಹೇಳಿ, ಒಪ್ಪಿಗೆಯಾದ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತನ್ನು ಪಡೆಯತಕ್ಕದ್ದು. ರಾಜ್ಯದ ವಿಶೇಷ ದುರ್ಬಲ ಬುಡಕಟ್ಟುಗಳಾದ ಕೊರಗ ಮತ್ತು ಜೇನುಕುರುಬ ಸಮುದಾಯಗಳ ಹಿರಿಯರ ವಿಷಯದಲ್ಲಿ ಇದು ಇನ್ನಷ್ಟು ಅವಶ್ಯಕ. ಕೊರಗರು ಹೊರಗಿನವರೊಂದಿಗೆ ತುಳುವಿನಲ್ಲಿ ಮಾತನಾಡುವುದರಿಂದ ಅವರಿಗೆ ಬೇರೆ ಭಾಷೆಯೇ ಇಲ್ಲವೆಂದು ತಿಳಿಯುವವರಿದ್ದಾರೆ, ಡಾ. ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯನ್ನು ಅಧ್ಯಯನ ಮಾಡಿ ಬರೆದ ಗ್ರಂಥವು 1971ರಲ್ಲಿಯೇ ಪ್ರಕಟವಾಗಿದೆ.

ಜನಗಣತಿಯಲ್ಲಿ ಮಾತೃಭಾಷೆಯ ಅಂಕಣ

2011ರ ಗಣತಿಯ ಕುಟುಂಬ ಅನುಸೂಚಿಯಲ್ಲಿ ಮಾತೃಭಾಷೆಯು 10ನೆಯ ಪ್ರಶ್ನೆಯಾಗಿಯೂ, ತಿಳಿದಿರುವ ಇತರ ಭಾಷೆಗಳು 11ನೆಯ ಪ್ರಶ್ನೆಯಾಗಿಯೂ ಇದ್ದವು. ಬಾಲ್ಯದಲ್ಲಿ ತಾಯಿಯು ವ್ಯಕ್ತಿಯೊಂದಿಗೆ ಆಡಿದ ಭಾಷೆಯೇ ಮಾತೃಭಾಷೆ ಎಂಬುದು ಗಣತಿಯ ವ್ಯಾಖ್ಯೆ. ಶೈಶವದಲ್ಲಿಯೇ ತಾಯಿ ತೀರಿಕೊಂಡಿದ್ದಲ್ಲಿ ಆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಓದಿದ ಭಾಷೆಯಾಗಲಿ, ಬರೆಯಲು ಬರುವ ಭಾಷೆಯಾಗಲಿ, ರಾಜ್ಯದ ಭಾಷೆಯಾಗಲಿ ಇಲ್ಲಿ ಪ್ರಸ್ತುತವಲ್ಲ. ಒಂದೇ ಕುಟುಂಬದ ಸದಸ್ಯರಿಗೆ ಬೇರೆಬೇರೆ ಮಾತೃಭಾಷೆ ಇರಬಹುದು. ತಿಳಿಸಿದ ಭಾಷೆಯು ಮತ್ತೊಂದು ಭಾಷೆಯ ಉಪಭಾಷೆಯೇ ಎಂದು ನಿರ್ಧರಿಸುವುದು ಗಣತಿದಾರರ ಕೆಲಸವಲ್ಲ. ಹೇಳಿದ ಹೆಸರನ್ನು ಪೂರ್ಣವಾಗಿ ಬರೆಯಬೇಕೆಂದೇ ಅವರಿಗೆ ಸೂಚನೆ ಇತ್ತು.

2011ರಲ್ಲಿ ದೇಶದಾದ್ಯಂತ ಜನರು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಪರಿಶೀಲನೆಯ ನಂತರ ಇವನ್ನು 1,369 ಮಾತೃಭಾಷೆಗಳಾಗಿ ಗುರುತಿಸಿ, 10,000 ಮತ್ತು ಅದಕ್ಕಿಂತ ಹೆಚ್ಚು ಭಾಷಿಕರಿರುವ 121 ಭಾಷೆಗಳ ಅಡಿಯಲ್ಲಿ ಅಂಕಿಗಳನ್ನು ಪ್ರಕಟಿಸಲಾಗಿದೆ. ಈ ವರ್ಗೀಕರಣದಲ್ಲಿ ಲಂಬಾಣಿಯು ಹಿಂದಿಯ ಅಡಿಯಲ್ಲಿ (32,76,548 ಜನ), ಯರವ ಭಾಷೆಯು ಮಲಯಾಳಂನ ಅಡಿಯಲ್ಲಿ, ನೀಲಗಿರಿಯ ಬಡಗ ಭಾಷೆಯು ಕನ್ನಡದ ಅಡಿಯಲ್ಲಿ (1,33,550 ಜನ) ಬರುತ್ತವೆ. 10,000ಕ್ಕಿಂತ ಕಡಿಮೆ ಜನರು ಹೇಳಿದ ಹೆಸರುಗಳು ‘ಇತರೆ’ ಎಂಬಲ್ಲಿಗೆ ಸೇರುತ್ತವೆ. ಲೆಕ್ಕಪತ್ರ ಬರೆದವರಿಗೆ ಇದು ಪರಿಚಿತ ಸಂಗತಿ: ಒಂದು ಬಾಬ್ತನ್ನು ಇತರೆ ಶೀರ್ಷಿಕೆಗೆ ಹಾಕಿದರೆ ಒಟ್ಟು ಮೊತ್ತ ತಾಳೆಯಾಗುತ್ತದೆ, ಬಾಬ್ತು ಮಾತ್ರ ಕಾಣುವುದಿಲ್ಲ.

ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನಾಂಕವಾಗಿ 2025ರ ಜೂನ್ 16ರಂದು ಅಧಿಸೂಚಿಸಲಾಗಿದೆ. ಮಾತೃಭಾಷೆಯನ್ನು ಕೇಳಿದಾಗ ‘ಕನ್ನಡವೆಂದೇ ಬರೆಯಿರಿ, ನಮ್ಮದು ಬರೀ ಮನೆಮಾತು’ ಎನ್ನುವ ಸಂಕೋಚ ಅನಗತ್ಯ. ಕನ್ನಡವನ್ನು ತಿಳಿದಿರುವ ಭಾಷೆಯಾಗಿ ತಿಳಿಸಬಹುದು. ಮಾತೃಭಾಷೆಯನ್ನು ಬೇರೆಯಾಗಿ ಹೇಳಿದ ಮಾತ್ರಕ್ಕೆ ಪಡಿತರ, ಪಿಂಚಣಿ ಅಥವಾ ವಾಸಸ್ಥಳದ ಅರ್ಹತೆಗೆ ಯಾವ ಬಾಧಕವೂ ಇರುವುದಿಲ್ಲ.

ಕಾನೂನಿನ ಅವಕಾಶಗಳು

ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ, ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ವ್ಯಕ್ತಿಯು ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿಯನ್ನು ಸಲ್ಲಿಸಬಹುದಾಗಿದೆ. ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ತುಳು ಮತ್ತು ಕೊಡವ ಸೇರಿಲ್ಲವಾದರೂ, ಈ ಅನುಚ್ಛೇದವು ಅನುಸೂಚಿತ ಭಾಷೆಗಳಿಗೆ ಸೀಮಿತವಾಗಿಲ್ಲ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಅದರಲ್ಲಿ ಹೇಳಿಲ್ಲ. ಆದುದರಿಂದ ಮನವಿಯೊಂದಿಗೆ ಕನ್ನಡದ ಒಂದು ಪ್ರತಿಯನ್ನು ಲಗತ್ತಿಸಿದಲ್ಲಿ ವಿಳಂಬವನ್ನು ತಪ್ಪಿಸಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನುಡಿದಾಗ ಅದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲಿಯೇ ವಿವರಿಸಬೇಕೆಂಬ ಹಿಂದಿನ ಸಂಹಿತೆಯ ಉಪಬಂಧವನ್ನು ಮುಂದುವರಿಸಿದೆ. ಶಿಕ್ಷಣದ ಬಗ್ಗೆ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಕಲ್ಪಿಸಲು ಪ್ರಯತ್ನಿಸುವಂತೆ ತಿಳಿಸುತ್ತದೆ. ಮಾಧ್ಯಮದ ಆಯ್ಕೆಯು ಪೋಷಕರದು ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಕರಾವಳಿಯ ಶಾಲೆಗಳಲ್ಲಿ 2010-11ನೇ ಸಾಲಿನಿಂದ 6ನೇ ತರಗತಿಯಿಂದ ತುಳುವನ್ನು ತೃತೀಯ ಭಾಷೆಯಾಗಿ ಆಯ್ದುಕೊಳ್ಳಲು ಅವಕಾಶ ನೀಡಲಾಗಿದೆ.

ತುಳು, ಕೊಂಕಣಿ ಮತ್ತು ಬ್ಯಾರಿ ಸಾಹಿತ್ಯ ಅಕಾಡೆಮಿಗಳು ಮಂಗಳೂರಿನಲ್ಲಿಯೂ, ಕೊಡವ ಸಾಹಿತ್ಯ ಅಕಾಡೆಮಿ ಹಾಗೂ 2011ರಲ್ಲಿ ಸ್ಥಾಪಿತವಾದ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿಯು ಮಡಿಕೇರಿಯಲ್ಲಿಯೂ ಕಾರ್ಯನಿರ್ವಹಿಸುತ್ತಿವೆ. ಪುಸ್ತಕ ಪ್ರಕಟಣೆ, ನಿಘಂಟು, ಕಾರ್ಯಕ್ರಮಗಳಿಗೆ ಸಂಬಂಧಿಸಿದಂತೆ ಇವುಗಳನ್ನು ಸಂಪರ್ಕಿಸಬಹುದು. ಇವು ಪ್ರಮಾಣಪತ್ರ ನೀಡುವ ಕಚೇರಿಗಳಲ್ಲ. ಜಾತಿ, ಆದಾಯ ಮತ್ತು ವಾಸಸ್ಥಳ ಪ್ರಮಾಣಪತ್ರದ ಅರ್ಜಿಗಳನ್ನು ಎಂದಿನಂತೆ ನಾಡಕಚೇರಿಯಲ್ಲಿಯೇ ಸಲ್ಲಿಸತಕ್ಕದ್ದು.